ನಮ್ಮ ಸ್ಟೇಷನ್ ರಸ್ತೆ ಉದ್ಧಾರವಾದ ಬಗೆ

ಯಾದಗಿರಿ ಸ್ಟೇಷನ್ನಿನ ಸುತ್ತಲಿನ ಓಣಿಗಳನ್ನು ಉದ್ಧಾರ ಮಾಡುತ್ತೇವೆ ಅಂತ ಆಗಾಗ ಯಾರಾದರೂ ಬರುತ್ತಲೇ ಇರುತ್ತಾರೆ. ಪ್ರತಿ ಸಲವೂ ನನಗೆ ಮೊದಲು ಸಿಟ್ಟು ಬರುತ್ತದೆ. ಆಮೇಲೆ ಅವರು ಬಾಯಿ ತೆರೆಯುತ್ತಾರೆ, ನಗು ಬರುತ್ತದೆ.

ನಾನು ಸ್ಟೇಷನ್ ಎದುರು ಕೂತು ಚೀಲ, ಸೂಟ್‌ಕೇಸುಗಳ ಜಿಪ್ ರಿಪೇರಿ ಮಾಡುವವನು. ಏಳನೆಯ ತರಗತಿಗೆ ಶಾಲೆ ಬಿಟ್ಟೆ. ಕಾನೂನು ಕಲಿತದ್ದು ನನಗೇ ಬಂದ ನೋಟಿಸುಗಳನ್ನು ಓದಿ. ಬೀದಿ ವ್ಯಾಪಾರಿಗಳು ನನ್ನನ್ನು ಲೀಡರ್ ಅನ್ನುತ್ತಾರೆ. ಅಧಿಕಾರಿಗಳು ಏನನ್ನುತ್ತಾರೋ ಇಲ್ಲಿ ಬರೆಯುವಂತಿಲ್ಲ.

ಕಳೆದ ಸಲ ಬಂದ ಯೋಜನೆ ಮಾತ್ರ ನಿಜವಾದ ಯೋಜನೆ. ಅದರಲ್ಲಿ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಒಂದು ಕಾರಂಜಿ ಬರಬೇಕಿತ್ತು. ಈಗ ಅಲ್ಲಿರುವುದು ಒಂದು ಚಹಾ ಗಾಡಿ. ಅದರ ಒಡತಿಯನ್ನು ಊರೆಲ್ಲ ಚಾಚಿ ಅನ್ನುತ್ತದೆ. ಗಂಡ ತೀರಿದ ಮೇಲೆ ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಅದೇ ಗಾಡಿಯ ದುಡಿಮೆಯ ಮೇಲೆ ಮಾಡಿದಾಕೆ. ನಮ್ಮ ನಲ್ಲಿಯಲ್ಲಿ ಕುಡಿಯಲು ನೀರಿಲ್ಲ, ಇವರ ಕಾರಂಜಿಯಲ್ಲಿ ಚಿಮ್ಮಲು ನೀರಿದೆಯಂತೆ. ಚಾಚಿ ಎಲ್ಲಿಗೆ ಹೋಗಬೇಕು? ಅದನ್ನು ಯಾರೂ ಹೇಳಲಿಲ್ಲ. ನಾನು ಜಗಳಕ್ಕೆ ನಿಂತದ್ದು ಆ ಒಂದು ಪ್ರಶ್ನೆಗೆ.

ನಾಯಿಯ ಶಿಫಾರಸು

ಮೊದಲ ಸಭೆಯಲ್ಲಿ ಬೆಂಗಳೂರಿನಿಂದ ಬಂದ ಸಲಹೆಗಾರರು ಗೋಡೆಯ ಮೇಲೆ ದೊಡ್ಡ ಚಿತ್ರ ಬಿಟ್ಟರು. ಸ್ಟೇಷನ್ ಎದುರು ಹಸಿರು ಹುಲ್ಲು. ಕೋಟು ಹಾಕಿದ ಒಬ್ಬ ಗಂಡಸು ನಗುತ್ತ ನಡೆಯುತ್ತಿದ್ದಾನೆ. ಕೆಂಪು ಕೂದಲಿನ ಹೆಂಗಸೊಬ್ಬಳು ಬಿಳಿ ನಾಯಿ ಹಿಡಿದು ನಿಂತಿದ್ದಾಳೆ. ಯಾರ ತಲೆಯ ಮೇಲೂ ಗಂಟಿಲ್ಲ, ಯಾರ ಮುಖದಲ್ಲೂ ಬೆವರಿಲ್ಲ.

ಚಾಚಿ ಕೇಳಿದಳು, "ಇದು ಯಾ ಊರು ಬೇಟಾ?"

"ಇದು ಯಾದಗಿರಿನೇ ಅಮ್ಮ. ಮುಂದೆ ಹೀಗಾಗುತ್ತೆ."

"ಹಂಗಾರ ನಾವೆಲ್ಲಾ ಸತ್ತ ಮ್ಯಾಲಿಂದ ಅನ್ನು."

ಸಲಹೆಗಾರರು ಗಾಬರಿಯಾದರು. ನೋಡಲು ಚೆಂದ ಇರಲಿ ಅಂತ ಚಿತ್ರದಲ್ಲಿ ಜನರನ್ನು ಕಡಿಮೆ ಹಾಕುತ್ತೇವೆ ಅಂದರು. ನಾನು ಎದ್ದು ನಿಂತೆ. "ಬ್ಯಾಸಗಿ ಮಧ್ಯಾಹ್ನ ಕೋಟ್ ಹಾಕ್ಕೊಂಡು ಈ ಸ್ಟೇಷನ್ ಮುಂದ ಹತ್ತ ಹೆಜ್ಜಿ ನಡದು ತೋರಸ್ರಿ, ನಾವೇ ಜಾಗ ಖಾಲಿ ಮಾಡತೀವಿ" ಅಂದೆ. ಸಭೆಯಲ್ಲಿ ಗದ್ದಲವೋ ಗದ್ದಲ.

ಗದ್ದಲ ಅಡಗಿದ ಮೇಲೆ ಹಿಂದಿನ ಸಾಲಿನ ಆಟೋದವನು ಭಾಳ ವಿನಯದಿಂದ ಕೈ ಎತ್ತಿದ. "ಸಾಹೇಬ್ರ, ಆ ನಾಯಿಗಿ ಸ್ಟೇಷನ್ ಮುಂದ ಜಾಗ ಮಂಜೂರ್ ಆಗ್ಯಾದ. ಅದಕ ಯಾರು ಶಿಫಾರಸು ಮಾಡ್ಯಾರ ಹೇಳ್ರಿ, ನಾವೂ ಅವರ ಮನೀಗೇ ಹೋಗತೀವಿ."

ಹತ್ತದೆ ಉಳಿದವರು

ಮುಂದೆ ಎಣಿಕೆ ಶುರುವಾಯಿತು. ಎಷ್ಟು ಪ್ರಯಾಣಿಕರು ಬರುತ್ತಾರೆ ಅಂತ ಲೆಕ್ಕ ಹಾಕಲು ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು ಗೇಟಿನಲ್ಲಿ ನಿಂತಳು. ಒಳ್ಳೆಯ ಮನಸ್ಸಿನ ಹುಡುಗಿ. ಆದರೆ ನಮ್ಮ ಕಡೆ ಒಬ್ಬರು ಊರಿಗೆ ಹೊರಟರೆ ಮನೆಮಂದಿ, ಬೀಗರು, ನೆರೆಮನೆಯವರು, ನೆರೆಮನೆಗೆ ಬಂದ ಬೀಗರು ಎಲ್ಲರೂ ಕಳಿಸಲು ಬರುತ್ತಾರೆ ಎನ್ನುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳ ಕಣ್ಣಿಗೆ ಕಂಡದ್ದು ಇಷ್ಟು. ಗಂಟುಮೂಟೆ ಹೊತ್ತ ದೊಡ್ಡ ಗುಂಪು ಒಳಗೆ ಓಡುತ್ತದೆ. ಗಾಡಿ ಬರುತ್ತದೆ, ಹೋಗುತ್ತದೆ. ಅದೇ ಗುಂಪು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬರುತ್ತದೆ. ಎರಡು ದಿನ ನೋಡಿ ಅವಳ ಕರುಳು ಕಿತ್ತು ಬಂತು. "ಪಾಪ, ಈ ಊರಲ್ಲಿ ಹೆಚ್ಚಿನವರಿಗೆ ರೈಲು ತಪ್ಪಿಹೋಗುತ್ತೆ" ಅಂತ ಬರೆದುಕೊಂಡಳು.

ಮೂರನೆಯ ದಿನ ದೇವಾಪುರದ ಒಬ್ಬ ಮುದುಕ ಮಗಳನ್ನು ಗಂಡನ ಜೊತೆ ಪುಣೆಗೆ ಕಳಿಸಿ, ಗೇಟಿನ ಹತ್ತಿರ ನಿಂತು ಧೋತರದ ಚುಂಗಿನಿಂದ ಮುಖ ಮುಚ್ಚಿ ಅಳುತ್ತಿದ್ದ. ಹುಡುಗಿ ಓಡಿ ಹೋಗಿ ನೀರಿನ ಬಾಟಲಿ ಕೊಟ್ಟಳು.

"ಅಳಬೇಡಿ ತಾತ. ಸಂಜೆಗೆ ಇನ್ನೊಂದು ರೈಲಿದೆ."

ಮುದುಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಇದ್ದಾಕಿ ಒಬ್ಬಾಕಿ ಮಗಳವ್ವ, ಆಕೀನೂ ಹೋದಳು. ಸಂಜಿ ಗಾಡಿಗಿ ಯಾರನ್ನ ಕಳಸಲಿ, ನನ್ನ ಹೆಂಡತೀನ?" ಒಂದು ಗುಟುಕು ನೀರು ಕುಡಿದ, ಒಂದು ಕ್ಷಣ ಯೋಚಿಸಿದ. "ಎಷ್ಟಕ್ಕದ ಆ ಗಾಡಿ?"

ನಿಲ್ದಾಣ ಮೊದಲು

ಜಿಲ್ಲೆಯವರೆಲ್ಲರ ಅಭಿಪ್ರಾಯ ಬೇಕೆಂದು ಶಹಾಪುರ, ಸುರಪುರದವರನ್ನೂ ಒಂದು ಸಭೆಗೆ ಕರೆದರು. ಎರಡೂ ಊರಿಗೆ ರೈಲಿಲ್ಲ. ಕೇಳಿ ಕೇಳಿ ಅವರ ಗಂಟಲು ಒಣಗಿದೆ. ಸುರಪುರದ ಒಬ್ಬ ಹಿರಿಯರು ನಕ್ಷೆಯಲ್ಲಿನ ನೆರಳು, ಕುರ್ಚಿ, ಪಾಯಖಾನೆ ಎಲ್ಲ ನೋಡಿ ಹೇಳಿದರು, "ನಮಗ ರೈಲು ಬ್ಯಾಡ್ರಿ. ಇಂಥಾ ಸ್ಟೇಷನ್ ಒಂದು ಕಟ್ಟಿಸಿ ಕೊಡ್ರಿ, ಬಸ್ಸಿನ ಹಾದಿ ಕಾಯಾಕ ಬೇಕಾಗ್ಯಾದ."

ಶಹಾಪುರದವರು ತಕ್ಷಣ ಎದ್ದರು. "ರೈಲಿಲ್ಲದ ಸ್ಟೇಷನ್ ಮೊದಲ ಕೇಳಿದವರು ನಾವು!"

ಹಾಲು ಉಕ್ಕತದ

ಒಂದು ಬೆಳಿಗ್ಗೆ ದೊಡ್ಡ ಸಾಹೇಬರೊಬ್ಬರು ಜಾಗ ನೋಡಲು ರೈಲಿನಲ್ಲೇ ಬರುವವರಿದ್ದರು. ಅವರ ಕಣ್ಣಿಗೆ ಬೀಳಬಾರದೆಂದು ಅತಿಕ್ರಮಣ ತೆರವು ದಳದ ಇನ್ಸ್‌ಪೆಕ್ಟರ್ ಎಲ್ಲ ಗಾಡಿಗಳನ್ನೂ ಓಡಿಸಿದ. ನನ್ನ ಸೂಜಿ ದಾರವನ್ನೂ ಬಿಡಲಿಲ್ಲ. ರಸ್ತೆ ತೊಳೆದ ತಟ್ಟೆಯ ಹಾಗಾಯಿತು.

ಸಾಹೇಬರು ಇಳಿದರು, ಮೈಮುರಿದರು. "ಮೊದಲು ಒಂದು ಚಹಾ ಕುಡಿಯೋಣ" ಅಂದರು.

ಇನ್ಸ್‌ಪೆಕ್ಟರ್ ಮುಖ ಬಿಳಿಚಿತು. ಚಾಚಿ ಆಗಲೇ ಬಸ್‌ಸ್ಟ್ಯಾಂಡ್ ದಾರಿಯಲ್ಲಿ ಗಾಡಿ ಹಚ್ಚಿದ್ದಳು. ಇವನು ಓಡಿ ಹೋಗಿ ಕೈಮುಗಿದ. ಚಾಚಿ ಅಂದಳು, "ಮುಂಜಾನಿ ದಬ್ಬಿ ದಬ್ಬಿ ಕೈ ಸೋತಾವ. ನನ್ನಿಂದ ಆಗಂಗಿಲ್ಲ."

ಹಾಗಾಗಿ ಊರೆಲ್ಲ ನೋಡುವಂತೆ ಇನ್ಸ್‌ಪೆಕ್ಟರೇ ಗಾಡಿ ದಬ್ಬಿಕೊಂಡು ಬಂದ. ಚಾಚಿ ಕೈಬೀಸಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದಳು. "ಸಾವಕಾಶ ಸಾಹೇಬ್ರ! ಹಾಲು ಉಕ್ಕತದ. ನೀವು ಯಾವತ್ತಾದ್ರೂ ಗಾಡಿ ದಬ್ಬೀರೋ ಇಲ್ಲೋ?"

ಚಹಾ ಕುಡಿದು ಸಾಹೇಬರು ಹೋದರು. ಮರುದಿನ ಅದೇ ಇನ್ಸ್‌ಪೆಕ್ಟರ್ ಅದೇ ಗಾಡಿಗೆ ನೋಟಿಸ್ ಅಂಟಿಸಿದ. ನಕ್ಷೆಯಲ್ಲಿನ ಕಾರಂಜಿ ಎಲ್ಲಿಗೂ ಹೋಗಿರಲಿಲ್ಲ.

ಬೆಂಕಿಪೊಟ್ಟಣ

ಕಡೆಗೆ ಯೋಜನೆಯ ಪುಟ್ಟ ಮಾದರಿಯೊಂದನ್ನು ಮಾಡಿ ಸಭಾಭವನದ ಮೇಜಿನ ಮೇಲೆ ಇಟ್ಟರು. ಥರ್ಮಾಕೋಲಿನ ಸ್ಟೇಷನ್, ಸ್ಪಂಜಿನ ಮರಗಳು, ನೀಲಿ ಪ್ಲಾಸ್ಟಿಕ್ಕಿನ ಕಾರಂಜಿ. ಮಂಜೂರಾತಿಗೆ ರಾಜಧಾನಿಯಿಂದ ಎಲ್ಲರಿಗಿಂತ ಮೇಲಿನ ಅಧಿಕಾರಿ ಬರುವವರಿದ್ದರು. ಅವರು ಸಹಿ ಹಾಕಿದರೆ ಮುಗಿಯಿತು.

ಆವತ್ತು ಬೆಳಿಗ್ಗೆ ಸಾರ್ವಜನಿಕರನ್ನೂ ಒಳಗೆ ಬಿಟ್ಟಿದ್ದರು. ಚಾಚಿ ಚಷ್ಮಾ ಹಾಕಿಕೊಂಡು ಮೇಜಿನ ಸುತ್ತ ಸುತ್ತಿ ತನ್ನ ಬೇವಿನ ಮರ ಹುಡುಕಿದಳು. ಕಾರಂಜಿಯ ಎದುರು ನಿಂತಳು. ಚಷ್ಮಾ ತೆಗೆದು ಒರೆಸಿ ಮತ್ತೆ ನೋಡಿದಳು. ಅದು ನನ್ನ ತಲೆ ಕೆಡಿಸಿತು. ಜೇಬಿನಲ್ಲಿದ್ದ ಬೆಂಕಿಪೊಟ್ಟಣ ತೆಗೆದು ಕಾರಂಜಿ ಮುಚ್ಚಿಹೋಗುವ ಹಾಗೆ ಅದರ ಮೇಲೆ ಕುಕ್ಕಿದೆ.

"ಇಗಾ ಚಾಚಿ, ನಿನ್ನ ಗಾಡಿ."

ಕಾವಲುಗಾರ ಚೀರಿದ, "ಏನ್ ಇಟ್ರಿ ಅದು?"

"ನಮ್ಮ ಆಕ್ಷೇಪಣಾ."

ನನ್ನ ಹಿಂದೆ ಇದ್ದವರಿಗೆ ಇಷ್ಟೇ ಬೇಕಾಗಿತ್ತು. ಹಣ್ಣಿನವನು ಒಂದು ದ್ರಾಕ್ಷಿ ಇಟ್ಟ. ಚಪ್ಪಲಿ ಹೊಲಿಯುವವನು ಒಂದು ಮೊಳೆ ಇಟ್ಟ. ಆಟೋದವರು ಮನೆಗೆ ಹೋಗಿ ಮಕ್ಕಳ ಆಟಿಕೆ ಆಟೋಗಳನ್ನು ತಂದು ನಿಲ್ಲಿಸಿದರು, ಮಾದರಿಯಲ್ಲೂ ರಸ್ತೆಗೆ ಅಡ್ಡವಾಗಿಯೇ.

ಕಾವಲುಗಾರ ಫೋನ್ ಹಚ್ಚಿದ. "ಸಾಹೇಬ್ರ, ಲಗೂನ ಬರ್ರಿ. ಮಾದರಿ ಮ್ಯಾಲ ಅತಿಕ್ರಮಣ ಆಗ್ಯಾದ!"

ತೆರವು ದಳ ಓಡಿ ಬಂತು. ಇನ್ಸ್‌ಪೆಕ್ಟರ್ ಬೆಂಕಿಪೊಟ್ಟಣಕ್ಕೆ ಕೈ ಹಾಕಿದ. ನಾನು ಅಡ್ಡ ನಿಂತೆ. "ತೆರವು ಮಾಡೂದಕ್ಕಿಂತ ಮೊದಲ ನೋಟಿಸ್ ಕೊಡಬೇಕು. ಕಾಯ್ದೆ ಅದ." ಆ ಕಾಯ್ದೆಯಿಂದಲೇ ಒಮ್ಮೆ ಅವನನ್ನು ಕೋರ್ಟಿಗೆ ಎಳೆದಿದ್ದೆ. ಬೆಂಕಿಪೊಟ್ಟಣಕ್ಕೂ ಅದು ಅನ್ವಯಿಸುತ್ತದೋ ಇಲ್ಲವೋ ಅಂತ ಅವನು ಯೋಚಿಸುತ್ತ ನಿಂತಿದ್ದಾಗಲೇ ಮೇಲಿನ ಅಧಿಕಾರಿ ಒಳಗೆ ಬಂದರು.

ಮಾದರಿಯನ್ನು ಬಗ್ಗಿ ನೋಡಿದರು. ಮತ್ತೆ ನೋಡಿದರು. "ಇಷ್ಟು ಊರು ನೋಡಿದ್ದೀನಿ, ಮೊದಲನೇ ಸಲ ಒಂದು ಮಾದರಿಯಲ್ಲಿ ಜೀವ ಇದೆ. ಹೀಗೇ ಇರಲಿ. ಏನನ್ನೂ ಬದಲಾಯಿಸಬೇಡಿ."

ಸಲಹೆಗಾರರು ಬೆವರು ಒರೆಸಿಕೊಂಡು ಮುಂದೆ ಬಂದರು. "ನಮ್ಮದೇ ಕಲ್ಪನೆ ಸಾರ್."

ಸಹಿ ಬಿತ್ತು. ಮುಂದಿನ ವಾರ ಒಬ್ಬ ಇಂಜಿನಿಯರು ಟೇಪು, ಸುಣ್ಣದ ಪುಡಿ ಹಿಡಿದು ಬೇವಿನ ಮರದ ಕೆಳಗೆ ಬಂದ. ಮಾದರಿಯ ಮೇಲೆ ಇದ್ದದ್ದನ್ನೆಲ್ಲ ಅಳೆದು ಇನ್ನೂರು ಪಟ್ಟು ಹಿಗ್ಗಿಸಿ ತಂದಿದ್ದ. ಗೆರೆ ಎಳೆಯುತ್ತ ಹೋದ, ಹೋದ, ಹೋಗುತ್ತಲೇ ಇದ್ದ. ಬೇವಿನ ಮರ ದಾಟಿದ, ಆಟೋ ಸ್ಟ್ಯಾಂಡಿನ ಒಳಗೆ ನುಗ್ಗಿದ. ಚಾಚಿಯ ಚಹಾ ಗಾಡಿಗೆ ಹನ್ನೊಂದು ಮೀಟರ್ ಉದ್ದ, ಏಳು ಮೀಟರ್ ಅಗಲ.

"ಸ್ವಲ್ಪ ಜಾಸ್ತಿ ಆತೇನ್ರಿ?" ಅಂತ ಆಟೋದವನು ಕೇಳಿದ.

"ಮಂಜೂರಾಗಿದ್ದು ಇಷ್ಟು. ಒಂದಿಂಚು ಕಡಿಮೆ ಮಾಡೋ ಅಧಿಕಾರ ನನಗಿಲ್ಲ" ಅಂದ ಇಂಜಿನಿಯರ್. ಜೀವಮಾನದಲ್ಲಿ ಮೊದಲ ಸಲ ನಾನು ಆಕ್ಷೇಪಣೆ ಎತ್ತಲಿಲ್ಲ.

ಹಣ್ಣಿನವನಿಗೆ ಗುಂಡನೆಯ ಜಾಗ ಸಿಕ್ಕಿತು. ಮೊಳೆ ಇಟ್ಟ ಚಪ್ಪಲಿಯವನ ಜಾಗದಲ್ಲಿ ಉದ್ದಕ್ಕೆ ಮಲಗಬಹುದಿತ್ತು, ಹೊರಳುವಂತಿರಲಿಲ್ಲ. ಅವನು ನನ್ನ ಕೊರಳಪಟ್ಟಿ ಹಿಡಿದ. "ಮೊದಲ ಹೇಳಬಾರದೇನಲೇ ಲೀಡರ್? ಬೂಟ್ ಇಡತಿದ್ನಲ್ಲೋ!"

ಚಾಚಿ ಮಾತ್ರ ಸುಣ್ಣದ ಗೆರೆಯ ಗುಂಟ ಒಂದು ಸುತ್ತು ನಡೆದು ಬಂದಳು. ಕಣ್ಣಲ್ಲಿ ನೀರಿತ್ತು. ಈಗ ನನ್ನನ್ನು ಹರಸುತ್ತಾಳೆ ಅಂತ ನಾನು ತಲೆ ಬಗ್ಗಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಬೇಟಾ, ನಾ ಕೇಳಿದ್ದು ಗಾಡಿ ನಿಲ್ಲಸಾಕ ಒಂದೀಟು ಜಾಗ. ನೀ ಕೊಡಿಸಿದ್ದು ಮೈದಾನ. ದಿನಾ ಮುಂಜಾನಿ ಇದರ ಕಸ ಹೊಡಿಯೂರು ಯಾರು, ನಿಮ್ಮಪ್ಪ?"