ಒಳಗೆ ಮಲಗಿ ಹೇಳಿದ ಸುಳ್ಳುಗಳು

ನಮ್ಮ ಕಡೆಯವರನ್ನ ‘ಸುಳ್ಳು ಹೇಳೋಕೆ ಬನ್ನಿ’ ಅಂತ ಕರೆದರೆ ಸಾಕು, ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ಸುಳ್ಳು ಹೇಳುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತೆ ಅಂತ ಮೈಸೂರಿನ ಡಾಕ್ಟರೊಬ್ಬರು ಸ್ಕ್ಯಾನಿಂಗ್ ಯಂತ್ರದಲ್ಲಿ ಚಿತ್ರ ತೆಗೆದು ನೋಡುತ್ತಿದ್ದರು. ಹುಣಸೂರು ಕಡೆಯಿಂದ ಜೀಪಿನಲ್ಲಿ ಜನ ಕರೆದುಕೊಂಡು ಹೋಗೋದು ನನ್ನ ಕೆಲಸ. ಅದೆಲ್ಲ ಈಗ ಮುಗಿದಿದೆ. ಆ ಜೀಪು, ಆ ನಗು ನೆನೆಸಿಕೊಂಡರೆ ಇವತ್ತಿಗೂ ಒಂಥರಾ ಆಗುತ್ತೆ.

೧. ತಪ್ಪಾಯ್ತು ಸಾರ್

ಇಸ್ಪೀಟಿನ ಒಂದು ಎಲೆ ಇಟ್ಟುಕೊಂಡು ಯಂತ್ರದೊಳಗೆ ಮಲಗಬೇಕು. ‘ಎಲೆ ನಿಮ್ಮತ್ರ ಇದೆಯಾ?’ ಅಂದರೆ ‘ಇಲ್ಲ’ ಅನ್ನಬೇಕು. ಇಷ್ಟೇ ಪರೀಕ್ಷೆ. ಪಿರಿಯಾಪಟ್ಟಣದಿಂದ ಬಂದ ಹೊಗೆಸೊಪ್ಪು ಬೆಳೆಯೋ ಗೌಡರು ಚೆನ್ನಾಗೇ ‘ಇಲ್ಲ’ ಅಂದರು. ಹೊರಗೆ ಬಂದವರೇ ಡಾಕ್ಟರಿಗೆ ಕೈ ಮುಗಿದರು.

“ಬೇಜಾರು ಮಾಡ್ಕಬ್ಯಾಡಿ ಸಾರ್, ಒಳಗೆ ಸುಳ್ಳು ಹೇಳ್ಬುಟ್ಟೆ. ಎಲೆ ನನ್ತಾವ್ಲೇ ಅದೆ, ತಗಳಿ.”

೨. ತಿಂಡಿ ಆಯ್ತಾ?

ನಿಜ ಹೇಳುವಾಗ ಮಿದುಳು ಹೇಗಿರುತ್ತೆ ಅಂತಲೂ ನೋಡಬೇಕಲ್ಲ? ಅದಕ್ಕೆ ಮೊದಲು ಸಲೀಸಾದ ಪ್ರಶ್ನೆ: ‘ತಿಂಡಿ ಆಯ್ತಾ?’ ಹ್ಯಾಂಡ್‌ಪೋಸ್ಟ್ ಅನ್ನೋ ಊರಿನಿಂದ ಬಂದಿದ್ದ ನನ್ನ ಸೋದರಮಾವ “ಓ, ಆಗ್ಲೇ ಆಯ್ತು” ಅಂದರು. ಯಂತ್ರದ ಸದ್ದು ನಿಂತಿತು ನೋಡಿ, ಅವರ ಹೊಟ್ಟೆ ಗುರ್ ಅಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

“ನಿಜ ಹೇಳಿ ಅಂದಿರಲಿಲ್ವೇನ್ರೀ?” ಅಂತ ಡಾಕ್ಟರು ರೇಗಿದರು.

“ಇಲ್ಲ ಅಂದ್ರೆ ಪಾಪ ನೀವು ತಿಂಡಿಗೆ ಓಡಾಡ್ಬೇಕಲ್ಲ ಸಾರ್! ಕೇಳಿದ ತಕ್ಷಣ ‘ಆಗಿಲ್ಲ’ ಅಂತ ಯಾರಾದ್ರೂ ಅಂತಾರಾ?”

ಡಾಕ್ಟರು ಆ ಪ್ರಶ್ನೆ ಕೈಬಿಟ್ಟು ಎಲ್ಲರಿಗೂ ಇಡ್ಲಿ ತರಿಸಿದರು.

೩. ಅತ್ತೆ ಮೈಕು ಹಿಡಿದದ್ದು

ಮಾವ ಮತ್ತೆ ಒಳಗೆ ಹೋದಾಗ, ಜೊತೆಗೆ ಬಂದಿದ್ದ ಅತ್ತೆ ನನ್ನನ್ನು ಪಕ್ಕಕ್ಕೆ ಎಳೆದರು.

“ಎಣ್ಣು ನೋಡಕ್ಕೆ ಬಂದಾಗ ಇವರು ತಲೆನೇ ಎತ್ತಲಿಲ್ಲ ಕಣ್ಲಾ ಮಗ. ನನ್ನ ಮೆಚ್ಚಿ ಕಟ್ಕಂಡ್ರೋ, ಅವರಪ್ಪನ ಮಾತಿಗೆ ಕಟ್ಕಂಡ್ರೋ? ಕೇಳಿದಾಗೆಲ್ಲ ‘ಮೆಚ್ಚೇ ಕಟ್ಕಂಡೆ’ ಅಂತಾರೆ. ನಂಗೆ ನಂಬಿಕೆ ಇಲ್ಲ. ಮಿಷಿನ್ನಲ್ಲಿ ನೋಡೇಳ್ಲಾ.”

ಅತ್ತೆಯ ಕಣ್ಣು ತುಂಬಿತ್ತು. ಈ ವಯಸ್ಸಲ್ಲೂ ಇದನ್ನ ಮನಸ್ಸಲ್ಲೇ ಇಟ್ಟುಕೊಂಡಿದ್ದಾರಲ್ಲ ಅಂತ ನನಗೆ ಸಂಕಟವಾಯ್ತು. ಯಂತ್ರ ಅಂಥದ್ದೆಲ್ಲ ಹೇಳಲ್ಲ ಅತ್ತೆ ಅಂದೆ. ಕೇಳಿದರೆ ತಾನೆ! ಇಸ್ಪೀಟಿನ ಪ್ರಶ್ನೆ ನಡೀತಿದ್ದಾಗ ನುಗ್ಗಿ ಡಾಕ್ಟರ ಕೈಯಿಂದ ಮೈಕು ಕಿತ್ತುಕೊಂಡರು.

“ರೀ, ಅವತ್ತು ನನ್ನ ಮೆಚ್ಚಿದ್ರಾ?”

“ಇಲ್ಲ!” ಒಳಗಿಂದ ಗಟ್ಟಿಯಾಗಿ ಬಂತು.

ಅತ್ತೆ ಮೈಕು ಕೆಳಗಿಟ್ಟು ಅಳತೊಡಗಿದರು. ಹೊರಗೆ ಬಂದ ಮಾವ ಗಾಬರಿಯಾದರು. “ಯಾಕಮ್ಮಿ ಅಳ್ತೀಯ? ಈ ಸಲ ಸುಳ್ಳೇ ಹೇಳ್ಬೇಕು ಅಂತ ಡಾಕ್ಟ್ರು ಕಟ್ಟುನಿಟ್ಟಾಗಿ ಹೇಳವ್ರೆ!”

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ತಲೆ ಎತ್ತದೇ ಎಂಗೆ ಮೆಚ್ಚಿದ್ರಿ?”

“ಕಾಪಿ ಕೊಡುವಾಗ ನಿನ್ ಕೈ ಗಡಗಡ ನಡುಗ್ತಿತ್ತು. ನನಗಿಂತ ಪುಕ್ಕಲಿ ಒಬ್ಳು ಸಿಕ್ಕಿದ್ಳು ಅಂತ ಖುಷಿಯಾಗಿ ಒಪ್ಕಂಬುಟ್ಟೆ.”

ಅತ್ತೆ ನಕ್ಕುಬಿಟ್ಟರು. ಮಾವ ಡಾಕ್ಟರ ಕಡೆ ತಿರುಗಿ ಮೆಲ್ಲಗೆ ಅಂದರು:

“ಮದ್ವೆ ಆದ್ಮೇಲೆ ಗೊತ್ತಾಯ್ತು ಸಾರ್, ಆ ಕೈ ಸುಳ್ಳು ಹೇಳಿತ್ತು!”