ಕೋದಂಡರಾಮಪ್ಪ ಹುಳುಮನೆಯಿಂದ ತಪ್ಪಿಸಿಕೊಂಡದ್ದು

ತನ್ನನ್ನು ಕೂಡಿಹಾಕುವ ಬೀಗ ಕೋಲಾರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲವೆಂದು ಕೋದಂಡರಾಮಪ್ಪನವರು ಸೊಸೆಯ ಮುಂದೆ ಘೋಷಿಸಿದರು.

"ಹತ್ತೇ ನಿಮಿಷ ಕಣಮ್ಮ. ಆಚೆ ಬಂದ್ನೋ, ನಾಳೆ ನಿನ್ನ ಬೋರ್ಡು ಕೀಳಿಸಿ ಹಸು ಕಟ್ತೀನಿ. ಗಂಟೆ ಆದ್ರೂ ಬರ್ಲಿಲ್ವಾ, ಹುಳುಮನೆ ನೀನೇ ಇಟ್ಕೋ."

ಸಿಟ್ಟು ನ್ಯಾಯವಾದದ್ದೇ. ಮುಳಬಾಗಿಲಿನ ಹೈವೇ ಪಕ್ಕದಲ್ಲಿ ಮೂವತ್ತು ವರ್ಷ ಅವರು ರೇಷ್ಮೆ ಹುಳು ಸಾಕಿದ ಹುಳುಮನೆ ಅದು. ಮಂಡಿನೋವಿಗೆ ಹುಳು ಸಾಕಣೆ ಬಿಟ್ಟದ್ದೇ ತಡ, ಸೊಸೆ ಚೈತನ್ಯ ಅದನ್ನು 'ಎಸ್ಕೇಪ್ ರೂಮ್' ಮಾಡಿದ್ದಳು. ಬಂದವರನ್ನು ಒಳಗೆ ಹಾಕಿ ಬೀಗ ಜಡಿಯುವುದು. ಒಂದು ಗಂಟೆಯೊಳಗೆ ಅವರು ಬೀಗದ ಕೈ ಹುಡುಕಿ ಹೊರಬರುವುದು. (ಹೀಗೆ ಕೂಡಿಹಾಕಿಸಿಕೊಳ್ಳಲು ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುತ್ತಾರೆಂದು ಕೇಳಿದ ದಿನ ರಾಮಪ್ಪನವರು ಅರ್ಧ ಮುದ್ದೆ ಬಿಟ್ಟು ಎದ್ದಿದ್ದರು.)

ಹೆಂಡತಿ ದೊಡ್ಡಮುನಿಯಮ್ಮನೊಂದಿಗೆ ಒಳಗೆ ಹೋದರು. ಬಾಗಿಲಿಗೆ ಬೀಗ ಬಿತ್ತು. ತಟ್ಟೆಗಳ ತುಂಬ ರಬ್ಬರ್ ಹುಳು. ಬುಟ್ಟಿಯಲ್ಲಿ ನಿಜವಾದ ಹಿಪ್ಪುನೇರಳೆ ಸೊಪ್ಪು. ಮೂಲೆಯಲ್ಲಿ, ಚೈತನ್ಯ ಹೊರಗೆ ಕೂತು ನೋಡುವ ಕ್ಯಾಮೆರಾ. ಅಡಗಿಸಿಟ್ಟ ಸ್ಪೀಕರಿನಿಂದ ಹುಳು ಮೇಯುವ ಸರಸರ ಸದ್ದು. ರಾಮಪ್ಪನವರ ಕಿವಿ ನೆಟ್ಟಗಾಯಿತು.

"ಹುಳಾನ ಹಿಂಗಾ ಗುಡ್ಡೆ ಹಾಕೋದು? ಗಾಳಿ ಬೇಡ್ವಾ ಅವಕ್ಕೆ?"

"ಬೀಗದ ಕೈ ಹುಡುಕಯ್ಯ," ಎಂದು ಮುನಿಯಮ್ಮ ಸೆರಗಿನ ಗಂಟಿನಿಂದ ಹೊಗೆಸೊಪ್ಪು ತೆಗೆದರು.

"ಹುಳುಮನೇಲಿ ಹೊಗೆಸೊಪ್ಪಾ? ಬೆಳೆ ಪೂರ್ತಿ ಸಾಯಿಸ್ತೀಯೇನೇ?"

"ರಬ್ಬರ್ ಸಾಯ್ತದಾ?"

ಮೂರನೇ ನಿಮಿಷಕ್ಕೆ ಸೊಪ್ಪಿನಡಿ ತುಕ್ಕು ಹಿಡಿದ ಕಬ್ಬಿಣದ ತುಂಡೊಂದು ಕೈಗೆ ಸಿಕ್ಕಿತು. ಹುಳುವಿನ ಹಾಸಿಗೆಯಲ್ಲಿ ಕಬ್ಬಿಣ! ಮೂವತ್ತು ವರ್ಷದ ಅನುಭವ ಒಮ್ಮೆಲೇ ಭುಗಿಲೆದ್ದಿತು. ಕಿಟಕಿಯ ಜಾಲರಿಯ ತೂತಿನಿಂದ ಅದನ್ನು ಹೈವೇ ದಾಟಿ ಆಂಧ್ರಕ್ಕೆ ಬೀಳುವಷ್ಟು ಜೋರಾಗಿ ಬೀಸಿದರು. ಆಮೇಲೆ, ಜಾಲರಿಗೆ ತೂತೇಕಿದೆಯೆಂದು ಇನ್ನಷ್ಟು ಉರಿದು, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಗ್ಗದಂತೆ ಹೆಗಲ ಟವಲ್ಲನ್ನು ಅಲ್ಲಿಗೆ ತುರುಕಿದರು.

"ಏನಯ್ಯ ಬಿಸಾಕಿದ್ದು?"

"ಕಬ್ಬಿಣ."

"ಉದ್ದಕಿತ್ತಾ? ತುದೀಲಿ ಹಲ್ಲಿತ್ತಾ?"

"ಇತ್ತು."

"ಸರಿಪೋಯಿಂದಿ," ಎಂದು ಮುನಿಯಮ್ಮ ಗೋಡೆಗೊರಗಿ ಕೂತರು. (ಸಿಟ್ಟು ನೆತ್ತಿಗೇರಿದರೆ ಅವರ ನಾಲಿಗೆಯೂ ಗಡಿ ದಾಟಿ ತೆಲುಗಿಗೆ ಹೊರಳುತ್ತದೆ.)

ಉಳಿದ ಐವತ್ತೇಳು ನಿಮಿಷ ರಾಮಪ್ಪನವರಿಗೆ ಪುರುಸೊತ್ತಿರಲಿಲ್ಲ. ಹುಳು ಹರಡಿದರು, ಸೊಪ್ಪು ಹಾಕಿದರು, ತಟ್ಟೆ ಬದಲಿಸಿದರು, ಈಗಿನ ಕಾಲದವರನ್ನೆಲ್ಲ ಹೆಸರು ಹಿಡಿದು ಬೈದರು. ಕೊನೆಗೆ ಚೈತನ್ಯಳೇ ಬಂದು ಬಾಗಿಲು ತೆಗೆದಳು.

"ಬಾಗಿಲು ಹಾಕಮ್ಮ, ನೊಣ ಬರ್ತದೆ."

"ಗಂಟೆ ಆಯ್ತು ಮಾವ."

ರಾಮಪ್ಪನವರು ಕೈ ಕೊಡವಿಕೊಂಡು, ಕೇಸು ಗೆದ್ದ ವಕೀಲರ ಠೀವಿಯಲ್ಲಿ ಹೊರಬಂದರು. "ಮನೆ ನೀನೇ ಇಟ್ಕೋ. ಆದ್ರೆ ಒಳಗೆ ಒಂದೂ ಸರಿಯಿಲ್ಲ. ಇದನ್ನ ಹುಳುಮನೆ ಅಂತ ಯಾವನಮ್ಮ ನಂಬ್ತಾನೆ?"

"ಯಾರೂ ನಂಬಲ್ಲ ಮಾವ. ಬಂದೋರೆಲ್ಲ ಬೀಗದ ಕೈ ಹುಡುಕ್ತಾರೆ. ರಬ್ಬರ್ ಹುಳಕ್ಕೆ ಮೂರು ಸಲ ಸೊಪ್ಪು ಹಾಕಿದೋರು ನೀವೊಬ್ಬರೇ."