ಸೆಲ್ವಂ ಅಣ್ಣನ ಕೇಬಲ್ಲೂ ನನ್ನ ಮಹಾಭಾಷಣವೂ

ಮದರಾಸಿನ ಮಾಧವರಂನ ನಮ್ಮ ಫ್ಲಾಟುಗಳಲ್ಲಿ ಇಪ್ಪತ್ತನಾಲ್ಕು ಮನೆಗಳಿವೆ. ಅಷ್ಟೂ ಮನೆಗಳಲ್ಲಿ ಕಂಪ್ಯೂಟರ್ ವಿಷಯ ಪೂರ್ತಿ ಬಲ್ಲವನು ಒಬ್ಬನೇ. ಅವನಿಗೆ ಹದಿನಾರು ವರ್ಷ. ಮೀಸೆ ಇನ್ನೇನು ಬರಲಿದೆ. ಅವನ ಹೆಸರು ಹೇಳಲು ವಿನಯ ಅಡ್ಡ ಬರುತ್ತದೆ, ಏಕೆಂದರೆ ಇದನ್ನು ಬರೆಯುತ್ತಿರುವವನು ಅವನೇ!

ನಮಗೆಲ್ಲ ಇಂಟರ್‌ನೆಟ್ ಕೊಡುವುದು ಸೆಲ್ವಂ ಅಣ್ಣ. ಟೀವಿಗೆ ಕೇಬಲ್ ಎಳೆದವನೇ ಹೋದ ವರ್ಷ ಬ್ರಾಡ್‌ಬ್ಯಾಂಡನ್ನೂ ಎಳೆದ. ಅದರ ವೇಗ ಹೇಗೆಂದರೆ, ಒಂದು ಫೋಟೊ ತೆರೆದರೆ ಮೊದಲು ತಲೆ ಕಾಣಿಸುತ್ತದೆ. ಸೊಂಟ ಬರುವಷ್ಟರಲ್ಲಿ ಅಮ್ಮ ಊಟಕ್ಕೆ ಕರೆಯುತ್ತಾಳೆ. ಊಟ ಮುಗಿಸಿ ಬಂದರೆ ಕರೆಂಟ್ ಹೋಗಿರುತ್ತದೆ.

ಹೋದ ತಿಂಗಳು ನುಂಗಂಬಾಕ್ಕಂನ ಹೊಸ ಕಂಪನಿಯೊಂದು ಬಂದು, ಎರಡರಷ್ಟು ಸ್ಪೀಡ್ ಕೊಡುತ್ತೇವೆ ಎಂದಿತು. ಆದರೆ ಮಾಧವರಂನಲ್ಲಿ ಅದಕ್ಕೆ ಒಂದು ಮೊಳ ವೈರೂ ಇಲ್ಲ. "ನಿಮ್ಮ ಕೇಬಲ್ಲಿನಲ್ಲೇ ನಮ್ಮ ಇಂಟರ್‌ನೆಟ್ಟೂ ಹೋಗಲಿ" ಎಂದು ಸೆಲ್ವಂ ಅಣ್ಣನನ್ನು ಕೇಳಿತು. ಅವನು ತಮಿಳಿನಲ್ಲಿ ಒಂದೇ ಪದ ಹೇಳಿದ: "ಮುಡಿಯಾದು." ಸಾಧ್ಯವಿಲ್ಲ!

ಭಾನುವಾರ ಬೆಳಿಗ್ಗೆ ಟೆರೇಸಿನ ಮೇಲೆ ಅಸೋಸಿಯೇಷನ್ ಸಭೆ ಎಂದಾಯಿತು. ಫ್ಲಾಟಿನ ಪರವಾಗಿ ನಾನೇ ಮಾತಾಡುತ್ತೇನೆ ಎಂದೆ. ಅಪ್ಪ ಪೇಪರಿನಿಂದ ತಲೆ ಎತ್ತಿದರು. ಅವರು ಇನ್ಶೂರೆನ್ಸ್ ಆಫೀಸಿನವರು. ಅಪಾಯ ಬರುವುದಕ್ಕೆ ಮೊದಲೇ ಷರತ್ತು ಓದುತ್ತಾರೆ.

"ಮಾತಾಡು, ಬೇಡ ಅನ್ನಲ್ಲ. ಆದ್ರೆ ನಿನ್ ಮೇಲೆ ಒಂದೇ ಒಂದು ಕಂಪ್ಲೇಂಟ್ ಬರ್ಲಿ, ಪ್ಲಸ್ ಟೂ ಮುಗಿಯೋ ತನಕ ಮನೇಲಿ ನೆಟ್ ಇರಲ್ಲ. ತಿಳೀತಾ?"

"ಕಂಪ್ಲೇಂಟಾ? ಹಾರ ಹಾಕ್ತಾರೆ ನೋಡ್ತಿರಿ!" ಎಂದೆ.

ಒಂದು ಸಣ್ಣ ವಿಷಯ ಅಪ್ಪನಿಗೆ ತಿಳಿದಿರಲಿಲ್ಲ. ನಮ್ಮ ಕಿಟಕಿಯಿಂದ ಒಂದು ನೀಲಿ ವೈರು ಇಳಿದು ಕೆಳಮನೆಯ ಗಣೇಶನ ಕಂಪ್ಯೂಟರಿಗೆ ಹೋಗುತ್ತಿತ್ತು. ಕನೆಕ್ಷನ್ ಒಂದು, ಮನೆ ಎರಡು. ಸೆಲ್ವಂ ಅಣ್ಣನ ಧರ್ಮಶಾಸ್ತ್ರದಲ್ಲಿ ಇದಕ್ಕೆ ಪ್ರಾಯಶ್ಚಿತ್ತವೇ ಇಲ್ಲ. ಮನೆಯಲ್ಲಿ ಅಮ್ಮನಿಗೆ ಮಾತ್ರ ಇದು ಗೊತ್ತಿತ್ತು. ಅವಳು ಆ ವೈರಿನ ಮೇಲೆ ಕರ್ಚೀಫು ಒಣಗಿಸುತ್ತಿದ್ದಳು.

ಭಾನುವಾರ ನಾನು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ನಿಂತು ತಮಿಳಿನಲ್ಲಿ ಶುರುಮಾಡಿದೆ. "ಮಾನ್ಯರೇ, ಹಳಿ ಒಂದೇ, ಅದರ ಮೇಲೆ ಎಷ್ಟು ರೈಲು ಓಡುತ್ತವೆ! ಕೇಬಲ್ಲೂ ಹಾಗೆಯೇ!"

ಅಧ್ಯಕ್ಷರಾದ ಪಾರ್ಥಸಾರಥಿ ಮಾಮಾ ರೈಲ್ವೆಯಲ್ಲಿ ರಿಟೈರ್ ಆದವರು. "ಎರಡು ರೈಲು ಒಟ್ಟಿಗೇ ಒಂದು ಹಳಿ ಮೇಲೆ ಬಂದ್ರೆ ಏನಾಗತ್ತೆ ಗೊತ್ತಾ ತಂಬಿ?" ಎಂದು ಕೇಳಿದರು.

ಜನ ನಕ್ಕರು. ನಾನು ತಕ್ಷಣ ರೈಲು ಬಿಟ್ಟು ಇಳಿದೆ.

ಸೆಲ್ವಂ ಅಣ್ಣ ಎದ್ದು ನಿಂತ. "ಬಿಸಿಲಲ್ಲಿ ಕಂಬ ಹತ್ತಿದೋನು ನಾನು. ಕಾಗೆ ಹತ್ರ ಕುಕ್ಕಿಸಿಕೊಂಡೋನು ನಾನು. ಈಗ ಟೈ ಕಟ್ಕೊಂಡೋನು ಎಸಿ ರೂಮಲ್ಲಿ ಕೂತು ನನ್ನ ವೈರ್ ಕೇಳ್ತಾನೆ. ನೀನಾಗಿದ್ರೆ ಕೊಡ್ತಿದ್ಯಾ ತಂಬಿ?"

ಇಲ್ಲಿ "ಯೋಚಿಸಬೇಕು" ಎಂದು ಹೇಳಿ ಇಳಿದಿದ್ದರೆ ನನ್ನ ಜೀವನವೇ ಬೇರೆಯಾಗಿರುತ್ತಿತ್ತು. ನಾನು ಎದೆಗೆ ಕೈ ಬಡಿದುಕೊಂಡು ಘೋಷಿಸಿದೆ: "ನನ್ನ ನೆಟ್‌ವರ್ಕ್ ಆಗಿದ್ದರೆ ಶತ್ರುವಿಗೂ ಕೊಡುತ್ತಿದ್ದೆ!"

ಚಪ್ಪಾಳೆ ಬಿತ್ತು. ಅಮ್ಮನಿಗೆ ಮಾತ್ರ ಗಾಬರಿಯಾಯಿತು.

ನಮ್ಮ ಮನೆಯಲ್ಲಿ ಕನ್ನಡವೆಂದರೆ ಬೀಗ ಹಾಕಿದ ಬೀರು. ಮದರಾಸಿನ ಬಸ್ಸಿನಲ್ಲಿ, ಸೀರೆ ಅಂಗಡಿಯಲ್ಲಿ, ಎದುರಿಗಿರುವವರ ಮೂಗು, ಮೋಸ, ಮುಂಗೋಪ ಎಲ್ಲವನ್ನೂ ಅವರ ಮುಂದೆಯೇ ಕನ್ನಡದಲ್ಲಿ ಚರ್ಚಿಸಿ ನಗುತ್ತಾ ಬರುತ್ತೇವೆ. ಅದೇ ಧೈರ್ಯದಿಂದ ಅಮ್ಮ ಕೂತಲ್ಲಿಂದಲೇ ಕೂಗಿದಳು:

"ಲೋ, ಸಾಕು ಇಳಿಯೋ! ನಮ್ ಕಿಟಕಿಯಿಂದ ಗಣೇಶನ್ ಮನೆಗೆ ವೈರ್ ಬಿಟ್ಟಿರೋದು ಈ ಸೆಲ್ವಂಗೆ ಗೊತ್ತಾದ್ರೆ ಏನ್ ಗತಿ?"

"ಗೊತ್ತಾಯ್ತಕ್ಕಾ," ಎಂದ ಸೆಲ್ವಂ ಅಣ್ಣ, ಶುದ್ಧ ಕನ್ನಡದಲ್ಲಿ. "ನಮ್ದು ಹೊಸೂರು."

ಅಮ್ಮ ಟೆರೇಸಿನ ಮೇಲೆ ಒಣಗುತ್ತಿದ್ದ ಯಾರದೋ ಸಂಡಿಗೆಯನ್ನು ತಿರುವಿಹಾಕತೊಡಗಿದಳು.

"ಯಾವ ವೈರು?" ಎಂದರು ಅಪ್ಪ.

ಸೆಲ್ವಂ ಅಣ್ಣ ಅಮ್ಮನ ಮಾತನ್ನು ಎಲ್ಲರಿಗೂ ತಮಿಳಿನಲ್ಲಿ ಹೇಳಿದ. ಇಡೀ ಸಭೆ ಎದ್ದು ಪ್ಯಾರಪೆಟ್ ಗೋಡೆಯಿಂದ ಬಗ್ಗಿ ನೋಡಿತು. ಕೆಳಗೆ ನನ್ನ ನೀಲಿ ವೈರು ಐದು ಕರ್ಚೀಫುಗಳನ್ನು ಹಾರಿಸುತ್ತಾ ಸ್ವಾತಂತ್ರ್ಯೋತ್ಸವ ಆಚರಿಸುತ್ತಿತ್ತು.

ಸೆಲ್ವಂ ಅಣ್ಣ ದೊಡ್ಡ ಮನಸ್ಸಿನವನು. "ಹೋಗ್ಲಿ ಬಿಡಿ ಸಾರ್. ಹಂಚ್ಕೋಬೇಕು ಅಂದ, ಹಂಚ್ಕೊಂಡಿದಾನೆ. ನಾನು ಕಂಪ್ಲೇಂಟ್ ಮಾಡಲ್ಲ" ಎಂದ.

ನಾನು ಉಸಿರು ಬಿಟ್ಟೆ. ಅರ್ಧ ಉಸಿರು ಹೊರಗೆ ಬಂದಿತ್ತು, ಅಷ್ಟರಲ್ಲಿ ಮೇಲಿನ ಮನೆಯ ಪ್ರಭು ಕೈ ಎತ್ತಿದ.

"ಮಾಮಾ, ನಾನು ಕಂಪ್ಲೇಂಟ್ ಮಾಡ್ತೀನಿ. ನಂಗೂ ಒಂದು ವೈರ್ ಕೊಡೋ ಅಂತ ಮೂರ್ ಸಲ ಕೇಳ್ದೆ. 'ಕಿಟಕಿ ಹತ್ತಿದೋನು ನಾನು, ಪಾರಿವಾಳದ ಹತ್ರ ಕುಕ್ಕಿಸಿಕೊಂಡೋನು ನಾನು, ನಿಂಗ್ಯಾಕೆ ಕೊಡ್ಬೇಕು? ನೀನೇ ಎಳ್ಕೋ ಹೋಗು' ಅಂದ!"

ಸೆಲ್ವಂ ಅಣ್ಣ ಓಡಿ ಬಂದು ನನ್ನನ್ನು ಅಪ್ಪಿಕೊಂಡ. "ಕೇಳಿ ಸಾರ್, ಕೇಳಿ! ಬೆಳಿಗ್ಗೆಯಿಂದ ನಾನು ಹೇಳ್ತಿರೋದು ಇದೇ ಅಲ್ವಾ? ಇಡೀ ಮಾಧವರಂನಲ್ಲಿ ನನ್ ಕಷ್ಟ ಅರ್ಥ ಆಗಿರೋದು ಇವನೊಬ್ಬನಿಗೇ!"

ಎದುರು ಪಕ್ಷದ ಏಕೈಕ ಸಾಕ್ಷಿ ನಾನಾದೆ!

ಕೊನೆಗೆ ಪಾರ್ಥಸಾರಥಿ ಮಾಮಾ ತೀರ್ಪು ಕೊಟ್ಟರು. "ಹಳಿ ಹಾಕಿದೋನಿಗೆ ಬಾಡಿಗೆ ಕೊಡ್ಲಿ, ಹೊಸಬರ ರೈಲೂ ಓಡ್ಲಿ. ಯಾರ ಟಿಕೆಟ್ ಬೇಕೋ ಜನ ತಗೊಳ್ಲಿ." ಹೊಸ ಕಂಪನಿ ಫೋನಿನಲ್ಲೇ ಒಪ್ಪಿತು. ಸೆಲ್ವಂ ಅಣ್ಣನೂ ಗೊಣಗುತ್ತಾ ಒಪ್ಪಿದ. ನಾನು ಹೇಳಲು ಹೊರಟಿದ್ದೂ ಅದನ್ನೇ! ಆದರೆ ಅದನ್ನು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಪ್ಪ ನನ್ನ ತೋಳು ಹಿಡಿದು ಮೆಟ್ಟಿಲಿಳಿಸುತ್ತಿದ್ದರು.

ಈಗ ಇಪ್ಪತ್ತಮೂರು ಮನೆಗಳವರು ಇಬ್ಬರಲ್ಲಿ ಬೇಕಾದವರನ್ನು ಆರಿಸಿಕೊಂಡಿದ್ದಾರೆ. ಸ್ಪರ್ಧೆ ಬಂದ ಮೇಲೆ ಸೆಲ್ವಂ ಅಣ್ಣನ ಲೈನಿನಲ್ಲೂ ಫೋಟೊದ ತಲೆ, ಸೊಂಟ, ಕಾಲು ಎಲ್ಲ ಒಟ್ಟಿಗೇ ಬರುತ್ತವಂತೆ. ಅಂತೆ! ನಾನು ನೋಡಿಲ್ಲ. ನಮ್ಮ ಮನೆಯಲ್ಲಿ ಪ್ಲಸ್ ಟೂ ಮುಗಿಯುವ ತನಕ ನೆಟ್ ಇಲ್ಲ.

ಮೊನ್ನೆ ತಡೆಯಲಾರದೆ ಪ್ರಭುವಿನ ಮನೆಯ ಬಾಗಿಲು ತಟ್ಟಿದೆ. ಅವನು ಬಯ್ಯುತ್ತಾನೆ, ಕುಣಿಸುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ಕಂಪ್ಯೂಟರಿನ ಮುಂದಿನ ಕುರ್ಚಿ ಬಿಟ್ಟುಕೊಟ್ಟ. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು.

"ಯಾರಪ್ಪಾ ಈ ಹುಡುಗ?" ಎಂದು ಕೇಳುತ್ತಾ ಒಳಗಿನಿಂದ ಅವನ ಅಜ್ಜಿ ಬಂದರು.

"ಕೆಳಗಿನ ಮನೆಯವನು ಪಾಟಿ," ಎಂದ ಪ್ರಭು. "ಪಾಪ, ಅವರ ಮನೇಲಿ ಇಂಟರ್‌ನೆಟ್ ಇಲ್ಲ."

ಅಜ್ಜಿಯ ಕಣ್ಣಲ್ಲಿ ಕರುಣೆ ಉಕ್ಕಿತು. ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತರು. ನನ್ನ ಬೆರಳನ್ನು ಹಿಡಿದು, ಮೌಸಿನ ಎಡಗಡೆ ಗುಂಡಿಯ ಮೇಲಿಟ್ಟು, "ಭಯ ಪಡಬೇಡ ಕಣ್ಣಾ, ಮೆಲ್ಲಗೆ ಒತ್ತು" ಎಂದರು.

ಮೆಲ್ಲಗೆ ಒತ್ತಿದೆ.